ಬನಹಟ್ಟಿಯಲ್ಲಿ ಸಂಘದಿಂದ ಕೂಸುಗಳ ಡೇ ಕೇರ್ ಶುರು ಮಾಡಬೇಕು, ಸರ್ಕಾರದ ನಿಯಮ ಏನೇನು?

ಬನಹಟ್ಟಿ ಕಂಡಕಿ
ಎಲ್ಲರಿಗೂ ನಮಸ್ಕಾರ. ನಾವು ರಬಕವಿ-ಬನಹಟ್ಟಿಯ ಒಂದು ಮಹಿಳಾ ಸಂಘದವರು. ನಮ್ಮ ಓಣಿಯಲ್ಲಿ ಎಲ್ಲಿ ನೋಡಿದರೂ ಪವರ್‌ಲೂಮ್ ಶೆಡ್. ಹೆಂಗಸರು ಕಂಡಕಿ (ನೂಲಿನ ಉರುಳೆ) ಸುತ್ತಲು, ಮಗ್ಗ ನೋಡಿಕೊಳ್ಳಲು ಹೋಗುತ್ತಾರೆ. ಮನೆಯಲ್ಲಿ ಹಿರಿಯರು ಇಲ್ಲದವರು ಕೂಸನ್ನೂ ಶೆಡ್ಡಿಗೇ ಕರೆದುಕೊಂಡು ಹೋಗುತ್ತಾರೆ. ಅಂಬೆಗಾಲಿಡುವ ಕೂಸಿನ ಕಾಲಿಗೆ ಹಳೆ ಸೀರೆಯ ಒಂದು ತುದಿ ಕಟ್ಟಿ, ಇನ್ನೊಂದು ತುದಿ ಕಿಟಕಿ ಸರಳಿಗೆ ಗಂಟು ಹಾಕುತ್ತಾರೆ. ಮೋಟಾರಿನ ಬೆಲ್ಟ್ ಕಡೆ ಹೋಗಬಾರದು ಅಂತ. ಯಾರೂ ಬೈಯಬೇಡಿ, ಅವರಿಗೆ ಬೇರೆ ದಾರಿ ಇಲ್ಲ.

ಸಮಾಜದ ಹಿರಿಯರು ಒಂದು ಹಾಲ್ ಕೊಡುತ್ತೇವೆ ಅಂದಿದ್ದಾರೆ. 20 ಅಡಿ ಉದ್ದ, 15 ಅಡಿ ಅಗಲ. ನೆಲಮಹಡಿ. ಹಿಂದೆ ಸಣ್ಣ ಅಡುಗೆ ಕೋಣೆ, ಹೊರಗೆ ಪಾಯಖಾನೆ. ಈಗಾಗಲೇ 22 ಮಕ್ಕಳ ಹೆಸರು ಬಂದಿದೆ. ಮೂರು ವರ್ಷದೊಳಗಿನವು 9, ಮೂರರಿಂದ ಆರರ ನಡುವಿನವು 13.

ಇಷ್ಟು ಜಾಗ ಸಾಕಾ? ಎಷ್ಟು ಜನ ನೋಡಿಕೊಳ್ಳೋರು ಬೇಕು? ಸರ್ಕಾರದ ದುಡ್ಡು ಏನಾದರೂ ಸಿಗುತ್ತಾ? ಗೊತ್ತಿದ್ದವರು ಹೇಳಿ.

ಜಮಖಂಡಿ ಮಾಮಾ
ಅಕ್ಕಾರೆ, ಕೂಸಿನ ಮನೆ ಅಂತ ರಾಜ್ಯ ಸರ್ಕಾರದ್ದೇ ಯೋಜನೆ ಇದೆಯಲ್ಲ. ಅರ್ಜಿ ಹಾಕಿ, ಮುಗೀತು.

ಅಥಣಿ ನಿವೃತ್ತ
ಮಾಮಾ ಅವರೆ, ಅಷ್ಟು ಸಲೀಸಿಲ್ಲ. ಕೂಸಿನ ಮನೆ 2023-24ರ ಬಜೆಟ್‌ನಲ್ಲಿ 4000 ಗ್ರಾಮ ಪಂಚಾಯಿತಿಗಳಿಗೆ ಅಂತ ಬಂದಿದ್ದು. ನರೇಗಾ ಕೆಲಸಕ್ಕೆ ಹೋಗೋ ತಾಯಂದಿರ ಕೂಸುಗಳಿಗೆ. ಆರೈಕೆ ಮಾಡೋರ ಕೂಲಿಯೂ ನರೇಗಾ ಲೆಕ್ಕದಿಂದಲೇ. ರಬಕವಿ-ಬನಹಟ್ಟಿ ನಗರಸಭೆ. ಅಲ್ಲಿ ಗ್ರಾಮ ಪಂಚಾಯಿತಿಯೂ ಇಲ್ಲ, ಜಾಬ್ ಕಾರ್ಡೂ ಇಲ್ಲ. ಇವರಿಗೆ ಆ ಬಾಗಿಲು ಮುಚ್ಚಿದೆ.

ಇವರು ಕೇಳಬೇಕಾದ್ದು ಪಾಲ್ನಾ. ಮೊದಲು ರಾಜೀವ್ ಗಾಂಧಿ ಹೆಸರಲ್ಲಿದ್ದ ಕ್ರೆಶ್ (ಕೂಸುಗಳ ಡೇ ಕೇರ್) ಯೋಜನೆ 2017ರಲ್ಲಿ ರಾಷ್ಟ್ರೀಯ ಕ್ರೆಶ್ ಯೋಜನೆ ಆಯಿತು. ಈಗ ಅದು ಕೇಂದ್ರದ ಮಿಷನ್ ಶಕ್ತಿ ಅಡಿಯಲ್ಲಿ ಪಾಲ್ನಾ. 6 ತಿಂಗಳಿಂದ 6 ವರ್ಷದ ಮಕ್ಕಳಿಗೆ. ಊರು, ಪಟ್ಟಣ ಅಂತ ಭೇದ ಇಲ್ಲ. ನಿಮ್ಮ ತಾಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ. ಹೋಗೋವಾಗ ಮಕ್ಕಳ ಪಟ್ಟಿ, ತಾಯಿ ಏನು ಕೆಲಸ ಮಾಡ್ತಾಳೆ ಅನ್ನೋದು, ಹಾಲ್‌ನ ಉದ್ದ-ಅಗಲ, ಹಿರಿಯರ ಒಪ್ಪಿಗೆ ಪತ್ರ ಇಷ್ಟು ಕೈಯಲ್ಲಿರಲಿ. ಬರೀ ಬಾಯಿಮಾತಲ್ಲಿ ಕೇಳಿದರೆ ನಾಳೆ ಬನ್ನಿ ಅಂತಾರೆ.

ಬನಹಟ್ಟಿ ಕಂಡಕಿ
ನಗರಸಭೆ ಅಂದ್ರೆ ಕೂಸಿಗೂ ಬೇರೆ ಲೆಕ್ಕಾನಾ! ನಮ್ಮ ಓಣಿ ದಾಟಿದರೆ ಹೊಲ, ಆಚೆ ಪಂಚಾಯಿತಿ ಊರು. ಧನ್ಯವಾದ ಸರ್, ಪಾಲ್ನಾ ಬಗ್ಗೆ ಕೇಳ್ತೀವಿ.

ಅಕ್ಕೋರು ಬೀಳಗಿ
ನಾನು ಅಂಗನವಾಡಿ ಟೀಚರ್. ಅಳತೆ ಬಗ್ಗೆ ಹೇಳ್ತೀನಿ. ಹಳೆ ಕ್ರೆಶ್ ಯೋಜನೆಯಲ್ಲಿ ಒಂದು ಮಗುವಿಗೆ 6ರಿಂದ 8 ಚದರ ಅಡಿ. 25 ಮಕ್ಕಳಿಗೆ ಒಂದು ಕೇಂದ್ರ. ನಿಮ್ಮ ಹಾಲ್ 300 ಚದರ ಅಡಿ. ಆರಾಮ ಸಾಕು.

ಟಿಳಕವಾಡಿ ಅವ್ವ
8 ಅಲ್ಲ ಅಕ್ಕೋರೆ, 10ರಿಂದ 12 ಚದರ ಅಡಿ. ನಾನೇ ಓದಿದ್ದೀನಿ.

ಅಕ್ಕೋರು ಬೀಳಗಿ
ನೀವು ಓದಿದ್ದು 2018ರ ಮಾರ್ಗಸೂಚಿ ಇರಬೇಕು. ಅದು ಹೆರಿಗೆ ಸೌಲಭ್ಯ ಕಾಯ್ದೆ ಅಡಿಯಲ್ಲಿ ಕಂಪನಿಗಳು ನಡೆಸೋ ಕ್ರೆಶ್‌ಗಳಿಗೆ. ನಾನು ಹೇಳಿದ್ದು ಸರ್ಕಾರದ ಅನುದಾನದ ಕೇಂದ್ರಗಳದ್ದು. ಎರಡೂ ಕೇಂದ್ರದ ಮಹಿಳಾ ಮತ್ತು ಮಕ್ಕಳ ಇಲಾಖೆಯದ್ದೇ, ಪುಸ್ತಕ ಮಾತ್ರ ಬೇರೆ.

ಟಿಳಕವಾಡಿ ಅವ್ವ
ಅಂದ್ರೆ ಆಫೀಸಿಗೆ ಹೋಗೋರ ಮಗುವಿಗೆ 12 ಅಡಿ, ಕೂಲಿಯವರ ಮಗುವಿಗೆ 6 ಅಡಿ. ಚೆನ್ನಾಗಿದೆ ರೀ ನ್ಯಾಯ.

ಗೋಕಾಕ ಫಾಲ್ಸ್
👆 ಇದಕ್ಕೆ ಉತ್ತರ ಯಾರೂ ಕೊಡಲ್ಲ.

ಅಕ್ಕೋರು ಬೀಳಗಿ
ಅಕ್ಕಾರೆ, ದೊಡ್ಡ ಲೆಕ್ಕವನ್ನೇ ಹಿಡಿಯಿರಿ. 22 ಮಕ್ಕಳಿಗೆ 12ರಂತೆ 264 ಅಡಿ. ನಿಮ್ಮ ಹಾಲಿಗೆ ಅದೂ ಕೂಡುತ್ತೆ. ಆದರೆ ಬೀರು, ಕುರ್ಚಿ, ಸಮಾಜದ ಪಾತ್ರೆ-ಪಗಡೆ ಎಲ್ಲ ಆ ಹಾಲಿನಲ್ಲೇ ಇದ್ದರೆ ಅಡಿ ಎಲ್ಲಿ ಉಳಿಯುತ್ತೆ? ಸಮಾಜದ ಹಾಲ್‌ಗಳಲ್ಲಿ ಮದುವೆ ಸಾಮಾನು ತುಂಬಿರೋದೇ ಜಾಸ್ತಿ. ಮೊದಲು ಅದನ್ನು ತೆಗೆಸಿ. ಶ್ರಾವಣದಲ್ಲಿ, ಮದುವೆ ಸೀಸನ್‌ನಲ್ಲಿ ಹಾಲ್ ವಾಪಸ್ ಕೇಳಲ್ಲ ಅಂತ ಬರೆಸಿಕೊಳ್ಳಿ. ಮದುವೆ ಇದೆ ಅಂತ ನಾಲ್ಕು ದಿನ ಕೂಸುಗಳನ್ನು ಎಲ್ಲಿ ಇಡ್ತೀರಿ?

ಬನಹಟ್ಟಿ ಕಂಡಕಿ
ಇದು ನಮ್ಮ ತಲೆಗೇ ಬಂದಿರಲಿಲ್ಲ. ನಿಜವಾಗಿಯೂ ಕೊಪ್ಪರಿಗೆಗಳು ಅಲ್ಲೇ ಇವೆ 😄

ಉದ್ಯಮಬಾಗ ಫಿಟ್ಟರ್
ಸಂಘದವರು ಯಾಕೆ ಮಾಡಬೇಕು? ಕಾರ್ಖಾನೆ ಮಾಲೀಕರು ಮಾಡಬೇಕು. 1948ರ ಕಾರ್ಖಾನೆ ಕಾಯ್ದೆಯಲ್ಲೇ ಇದೆ, 30ಕ್ಕಿಂತ ಜಾಸ್ತಿ ಹೆಣ್ಣುಮಕ್ಕಳು ಕೆಲಸ ಮಾಡೋ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕು ಅಂತ.

ಅಥಣಿ ನಿವೃತ್ತ
ಫಿಟ್ಟರ್ ಅವರೆ, ಆ ಕಾಯ್ದೆ ಈಗ ಕಾರ್ಮಿಕ ಸಂಹಿತೆಗಳಲ್ಲಿ ಸೇರಿಹೋಗಿದೆ. 2020ರ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿ. ಈಗಿನ ಲೆಕ್ಕ 50 ಜನ, ಹೆಣ್ಣು-ಗಂಡು ಸೇರಿ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆದಾಗಲೂ 50 ಜನ ಇದ್ದ ಕಡೆ ಕ್ರೆಶ್ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಅಂತಾಗಿತ್ತು.

ಇಳಕಲ್ ಕುಣಿಮಗ್ಗ
ಬನಹಟ್ಟಿಯ ಶೆಡ್ಡಿನಲ್ಲಿ 50 ಜನ ಎಲ್ಲಿ ಸಿಗ್ತಾರೆ ಸರ್? ಒಂದು ಶೆಡ್ಡಿಗೆ ಆರು ಮಗ್ಗ, ಎಂಟು ಮಗ್ಗ. ಮಾಲೀಕನೂ ಅಲ್ಲೇ ಕೆಲಸ ಮಾಡ್ತಾನೆ. ನಮ್ಮ ಇಳಕಲ್ಲಿನಲ್ಲಂತೂ ಮಗ್ಗ ಮನೆಯೊಳಗೇ. ನೇಯೋಳು ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರೆ ಕೂಸು ಪಕ್ಕದಲ್ಲೇ ನೂಲು ಜಗ್ತಾ ಇರುತ್ತೆ. ಯಾವ ಕಾಯ್ದೆಯ ಯಾವ ಸಂಖ್ಯೆಗೂ ನಾವು ಸಿಗಲ್ಲ. ಓಣಿಯಲ್ಲಿ ಒಟ್ಟು ಸೇರಿಸಿದರೆ 500 ಜನ ಆಗ್ತೀವಿ, ಒಂದೊಂದೇ ಛಾವಣಿ ಎಣಿಸಿದರೆ ಸೊನ್ನೆ.

ಉದ್ಯಮಬಾಗ ಫಿಟ್ಟರ್
ಹಾಗಾದ್ರೆ ಶೆಡ್ ಮಾಲೀಕರ ಸಂಘದಿಂದ ಮಗ್ಗಕ್ಕೆ ಇಷ್ಟು ಅಂತ ವಂತಿಗೆ ಎತ್ತಿ. ಕೂಸು ಶೆಡ್ಡಿನಲ್ಲಿ ಇಲ್ಲದಿದ್ದರೆ ಅವರ ಕೆಲಸವೂ ಚೆನ್ನಾಗಿ ನಡೆಯುತ್ತೆ.

ಬನಹಟ್ಟಿ ಕಂಡಕಿ
ಕೇಳಿ ನೋಡ್ತೀವಿ. ನೂಲಿನ ರೇಟು ಏರಿದೆ ಅಂತ ಮೊದಲೇ ಅಳ್ತಾ ಇದ್ದಾರೆ.

ಗೋಕಾಕ ಫಾಲ್ಸ್
ಅವರು ನೂಲಿನ ರೇಟು ಇಳಿದಾಗಲೂ ಅಳ್ತಾರೆ.

ನರ್ಸ್ ಬಾಯಿ ಹುಕ್ಕೇರಿ
ಎಲ್ಲರೂ ಅಡಿ, ಗಜ ಅಂತ ಕೂತಿದ್ದೀರಿ. ಕೈ ಎಷ್ಟು ಅಂತ ಕೇಳಿ. ಅಕ್ಕ ಕೇಳಿದ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

2018ರ ಮಾರ್ಗಸೂಚಿಯಲ್ಲಿ ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು, ಮೂರು ದಾಟಿದ 20 ಮಕ್ಕಳಿಗೆ ಒಬ್ಬರು, ಜೊತೆಗೆ ಸಹಾಯಕಿ. ಅಂದ್ರೆ ನಿಮ್ಮ 9 ಮತ್ತು 13ಕ್ಕೆ ಇಬ್ಬರು ನೋಡಿಕೊಳ್ಳೋರು, ಒಬ್ಬ ಸಹಾಯಕಿ. ಮೂರು ಜನ.

ಕಡಿಮೆ ಮಾಡಬೇಡಿ. ಯಾಕೆ ಅಂತ ಹೇಳ್ತೀನಿ. ಒಂದು ಕೂಸು ಬಟ್ಟೆ ಕೆಡಿಸಿಕೊಂಡರೆ ಹೊರಗೆ ಒಯ್ದು ತೊಳೆಯಬೇಕು, ಒರೆಸಬೇಕು, ಬೇರೆ ಬಟ್ಟೆ ಹಾಕಬೇಕು, ತನ್ನ ಕೈಗೆ ಸೋಪು ಹಚ್ಚಿ ತೊಳೆದುಕೊಳ್ಳಬೇಕು. ಅಷ್ಟೊತ್ತು ಒಳಗಿರೋ ಕೂಸುಗಳನ್ನು ಯಾರು ನೋಡಬೇಕು? ಪಾಯಖಾನೆ ಹೊರಗೆ ಇದೆ ಅಂತ ನೀವೇ ಬರೆದಿದ್ದೀರಿ. ಒಬ್ಬಳೇ ಇದ್ದರೆ ಅವಳು ಏನು ಮಾಡ್ತಾಳೆ ಗೊತ್ತಾ? ಕೈ ತೊಳೆಯೋದು ಬಿಡ್ತಾಳೆ. ಅದೇ ಕೈಯಲ್ಲಿ ಬಾಳೆಹಣ್ಣು ಸುಲಿದು ಕೊಡ್ತಾಳೆ. ಮುಂದಿನ ವಾರ ಅರ್ಧ ಕೇಂದ್ರಕ್ಕೆ ಭೇದಿ. ಆಕೆಯ ತಪ್ಪಲ್ಲ ಅದು.

ಬನಹಟ್ಟಿ ಕಂಡಕಿ
ನಾವು ಇಬ್ಬರು ಅಂದುಕೊಂಡಿದ್ದೆವು. ಮೂರು ಜನರಿಗೆ ತಿಂಗಳಿಗೆ 6000ದಂತೆ ಕೊಟ್ಟರೂ 18,000. 22 ಮಕ್ಕಳಿಗೆ ಹಂಚಿದರೆ ಒಂದು ಮಗುವಿಗೆ 820ರ ಹತ್ತಿರ. ಹಾಲು, ಸೋಪು, ಗ್ಯಾಸ್ ಬೇರೆ. ಕಂಡಕಿ ಸುತ್ತೋರಿಗೆ ಇದು ಆಗೋ ಮಾತಲ್ಲ. ಇಬ್ಬರು ಮಕ್ಕಳಿದ್ದರಂತೂ ಮನೆಯಲ್ಲೇ ಕೂರ್ತೀನಿ ಅಂತಾರೆ.

ಅಥಣಿ ನಿವೃತ್ತ
ಅದಕ್ಕೇ ಸರ್ಕಾರದ ದುಡ್ಡು ಬೇಕು. ರಾಷ್ಟ್ರೀಯ ಕ್ರೆಶ್ ಯೋಜನೆಯಲ್ಲಿ ಪೋಷಕರಿಂದ ತಗೊಳ್ಳೋ ಶುಲ್ಕ ಬಿಪಿಎಲ್ ಕುಟುಂಬಕ್ಕೆ ತಿಂಗಳಿಗೆ 20 ರೂಪಾಯಿ, ಗಂಡ-ಹೆಂಡತಿ ಇಬ್ಬರದೂ ಸೇರಿ 12,000ದ ತನಕ ಆದಾಯ ಇದ್ದರೆ 100, ಅದಕ್ಕೂ ಮೇಲೆ 200 ಇತ್ತು. ಉಳಿದದ್ದು ಸರ್ಕಾರ.

ಟಿಳಕವಾಡಿ ಅವ್ವ
ಸರಿ, ಆದರೆ ಅದೇ ಯೋಜನೆಯಲ್ಲಿ ಕಾರ್ಯಕರ್ತೆಗೆ ತಿಂಗಳಿಗೆ 3000, ಸಹಾಯಕಿಗೆ 1500 ಗೌರವಧನ ಇತ್ತು ಅನ್ನೋದೂ ಹೇಳಿ. 25 ಮಕ್ಕಳಿಗೆ ಅವರಿಬ್ಬರೇ. ದಿನಕ್ಕೆ ಏಳೂವರೆ ತಾಸು, ತಿಂಗಳಿಗೆ 26 ದಿನ. ಹೋಟೆಲ್‌ನಲ್ಲಿ ಪಾತ್ರೆ ತೊಳೆದರೂ ಇದಕ್ಕಿಂತ ಜಾಸ್ತಿ ಸಿಗುತ್ತೆ. ಒಂದು ಕಾಗದದಲ್ಲಿ ಹತ್ತಕ್ಕೆ ಒಬ್ಬರು, ಇನ್ನೊಂದು ಕಾಗದದಲ್ಲಿ 25ಕ್ಕೆ ಇಬ್ಬರು. ದುಡ್ಡು ತಾನೇ ಕೊಡಬೇಕಾದಾಗ ಸರ್ಕಾರದ ಮಾನದಂಡ ಹೇಗೆ ಕುಗ್ಗುತ್ತೆ ನೋಡಿ.

ಅಕ್ಕೋರು ಬೀಳಗಿ
ಈ ಮಾತಿಗೆ ನನ್ನ ಎರಡೂ ಕೈ ಎತ್ತಿದ್ದೀನಿ.

ಜಮಖಂಡಿ ಮಾಮಾ
ನಾವೆಲ್ಲ ಯಾವ ಡೇ ಕೇರ್‌ನಲ್ಲಿ ಬೆಳೆದೆವು? ನಮ್ಮವ್ವ ಹೊಲಕ್ಕೆ ಹೋಗ್ತಿದ್ದಳು, ಬೇವಿನ ಗಿಡಕ್ಕೆ ಜೋಳಿಗೆ ಕಟ್ಟಿ ಮಲಗಿಸ್ತಿದ್ದಳು. ಏನೂ ಆಗಲಿಲ್ಲ. ಅಜ್ಜಿ ಇರಬೇಕು ಮನೆಯಲ್ಲಿ. ಈಗಿನವರಿಗೆ ಅತ್ತೆ ಬೇಡ, ಆಮೇಲೆ ಡೇ ಕೇರ್ ಬೇಕು.

ತಿಕೋಟಾ ದ್ರಾಕ್ಷಿ
ಮಾಮಾ, ನಿಮಗೆ ಏನೂ ಆಗಲಿಲ್ಲ, ಅದಕ್ಕೇ ಇಲ್ಲಿ ಬರೀತಾ ಇದ್ದೀರಿ. ಆದವರು ಬರೆಯೋಕೆ ಬರಲ್ಲ.

ಇಳಕಲ್ ಕುಣಿಮಗ್ಗ
ಅಜ್ಜಿ ಎಲ್ಲಿದ್ದಾಳೆ ಮಾಮಾ? ಅವಳೂ ಕಂಡಕಿ ಸುತ್ತಲು ಹೋಗಿದ್ದಾಳೆ. ನಮ್ಮತ್ತೆಗೆ 63. ಇವತ್ತೂ ಮಗ್ಗದ ಮುಂದೆ ಕೂತಿದ್ದಾಳೆ.

ಜಮಖಂಡಿ ಮಾಮಾ
ಸುಮ್ನೆ ಒಂದು ಮಾತು ಹೇಳಿದೆ. ಎಲ್ಲರೂ ಮೈಮೇಲೆ ಬರ್ತೀರಿ.

ತಿಕೋಟಾ ದ್ರಾಕ್ಷಿ
ನಮ್ಮ ಕಡೆ ಕಥೆ ಹೇಳ್ತೀನಿ. ದ್ರಾಕ್ಷಿ ಚಾಟ್ನಿ (ಬಳ್ಳಿ ಕತ್ತರಿಸೋ) ಸಮಯದಲ್ಲಿ ತೋಟಕ್ಕೆ ಹೆಣ್ಣಾಳು ಬೇಕೇ ಬೇಕು. ಕೂಸುಗಳು ಬದುವಿನ ಮೇಲೆ ಆಡ್ತಾ ಇರುತ್ತವೆ. ನಾವು ಔಷಧ ಹೊಡೆಯೋದು ಅಲ್ಲೇ. ಖಾಲಿ ಡಬ್ಬಿ ಸಿಕ್ಕರೆ ಅದೇ ಆಟದ ಸಾಮಾನು. ಇದನ್ನು ನೋಡಿ ಪಕ್ಕದ ಊರಿನ ಕೂಸಿನ ಮನೆಗೆ ಬಿಡಿ ಅಂತ ನಾನೇ ಹೇಳಿದೆ. ಎರಡು ವಾರ ಬಿಟ್ಟರು, ಆಮೇಲೆ ಮತ್ತೆ ತೋಟಕ್ಕೇ ತಂದರು.

ಕಾರಣ ಕೇಳಿದರೆ ಎರಡು. ಒಂದು, ತೋಟದ ಕೆಲಸ ಬೆಳಿಗ್ಗೆ ಏಳಕ್ಕೆ, ಆ ಬಾಗಿಲು ತೆಗೆಯೋದು ಒಂಬತ್ತೂವರೆ ಮೇಲೆ. ಎರಡು, ನೋಡಿಕೊಳ್ಳೋ ಹೆಂಗಸು ಬದಲಾಗ್ತಾಳೆ. ನರೇಗಾದಲ್ಲಿ ಒಂದು ಮನೆಗೆ ವರ್ಷಕ್ಕೆ 100 ದಿನ ಇತ್ತು. ಆಕೆಯದು ಮುಗಿದರೆ ಇನ್ನೊಬ್ಬಳು. ಕೂಸು ಒಂದು ಮುಖಕ್ಕೆ ಹೊಂದಿಕೊಳ್ಳೋ ಹೊತ್ತಿಗೆ ಮುಖವೇ ಬೇರೆ. ಹೊಸಬಳ ಕೈಯಲ್ಲಿ ಕೂಸು ಊಟ ಮಾಡಲ್ಲ, ಒಂದೇ ಸಮನೆ ಅಳುತ್ತೆ. ತಾಯಿ ಕೆಲಸ ಬಿಟ್ಟು ಓಡಬೇಕು.

ಅಥಣಿ ನಿವೃತ್ತ
ಇದು ನಿಜ. ಕೂಲಿ ಲೆಕ್ಕಕ್ಕೆ ಸುಲಭ ಆಗಲಿ ಅಂತ ಮಾಡಿದ ವ್ಯವಸ್ಥೆ, ಕೂಸಿನ ಲೆಕ್ಕ ಹಾಕಿಲ್ಲ. ಇನ್ನೊಂದು ಮಾತು. ನರೇಗಾ ಜಾಗಕ್ಕೆ 2025ರ ಡಿಸೆಂಬರ್‌ನಲ್ಲಿ ಹೊಸ ಕಾಯ್ದೆ ಬಂದಿದೆ, ಅದರಲ್ಲಿ 125 ದಿನ. ಹಳ್ಳಿಯಲ್ಲಿ ಕೂಸಿನ ಮನೆ ನಡೆಸೋರು ಮುಂದಿನ ಕೂಲಿ ಬಗ್ಗೆ ಪಿಡಿಒ ಹತ್ತಿರ ಬರಹದಲ್ಲೇ ಕೇಳಿಕೊಳ್ಳಿ.

ಇಂಡಿ ಲಿಂಬಿ
ನರೇಗಾದಲ್ಲಿ ಮೊದಲಿಂದಲೂ ಒಂದು ನಿಯಮ ಇತ್ತು. ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ ಒಬ್ಬ ಹೆಂಗಸನ್ನು ಮಕ್ಕಳನ್ನು ನೋಡಿಕೊಳ್ಳಲು ಬಿಡಬೇಕು, ಆಕೆಗೂ ಅದೇ ಕೂಲಿ. ನಮ್ಮೂರ ಕೆರೆ ಹೂಳೆತ್ತೋವಾಗ ಒಬ್ಬ ಆಯಿಯನ್ನು ಹಾಗೆ ಕೂರಿಸಿದ್ದರು. ಆಕೆಯಷ್ಟು ಚೆನ್ನಾಗಿ ಯಾರೂ ನೋಡಿಕೊಂಡಿಲ್ಲ. ಆಕೆಗೆ ಹಾಡು ಬೇರೆ ಬರ್ತಿತ್ತು. ಮಕ್ಕಳು ಆಕೆಯನ್ನು ಬಿಟ್ಟು ಮನೆಗೆ ಹೋಗಲ್ಲ ಅಂತ ಹಟ ಮಾಡ್ತಿದ್ದವು.

ಗೋಕಾಕ ಫಾಲ್ಸ್
ಕಬ್ಬಿನ ಗ್ಯಾಂಗಿನ ಕೂಸುಗಳ ಬಗ್ಗೆಯೂ ಯಾರಾದರೂ ಬರೀರಿ. ವಿಜಯಪುರದ ಕಡೆಯಿಂದ ನಮ್ಮ ಬೆಳಗಾವಿ ಜಿಲ್ಲೆಗೆ, ಆಚೆ ಮಹಾರಾಷ್ಟ್ರಕ್ಕೆ ಬರ್ತಾರೆ. ನಸುಕಿನಲ್ಲೇ ಕಡಿಯೋಕೆ ಶುರು. ಕೂಸು ಕಬ್ಬಿನ ಸೋಗೆಯ ಮೇಲೆ ಮಲಗಿರುತ್ತೆ. ತಿಂಗಳಿಗೊಂದು ಊರು. ಇವರಿಗೆ ಯಾವ ಊರಿನ ಪಟ್ಟಿಯಲ್ಲಿ ಹೆಸರು?

ತಿಕೋಟಾ ದ್ರಾಕ್ಷಿ
ಸಕ್ಕರೆ ಕಾರ್ಖಾನೆಯವರು ಮಾಡಬೇಕು ಅಂತೀನಿ. ಅವರಿಗೆ ಜಾಗವೂ ಇದೆ, ದುಡ್ಡೂ ಇದೆ.

ಉದ್ಯಮಬಾಗ ಫಿಟ್ಟರ್
ಗ್ಯಾಂಗಿನವರು ನಮ್ಮ ಕೆಲಸಗಾರರಲ್ಲ, ಮುಕಾದಮನ (ಆಳು ತರೋ ಗುತ್ತಿಗೆದಾರನ) ಆಳುಗಳು ಅಂತಾರೆ ಅವರು. ಕೇಳಿ ನೋಡಿ.

ನರ್ಸ್ ಬಾಯಿ ಹುಕ್ಕೇರಿ
ಬನಹಟ್ಟಿ ಅಕ್ಕಾ, ಮತ್ತೆ ನಿಮ್ಮ ವಿಷಯಕ್ಕೆ ಬರ್ತೀನಿ. ಸರ್ಕಾರದವರು ಬಂದು ನೋಡಿದಾಗ ಗೋಡೆಗೆ ಬಣ್ಣ, ಆನೆ-ಒಂಟೆ ಚಿತ್ರ ನೋಡ್ತಾರೆ. ನೀವು ಬೇರೆ ಕೆಲವು ನೋಡಿ.

ತುಂಬಿದ ಬಕೆಟ್ ಮಕ್ಕಳ ಕೈಗೆ ಸಿಗೋ ಕಡೆ ಇರಲೇಬಾರದು. ಒಂದು ಗೇಣು ನೀರು ಸಾಕು, ತಲೆ ಕೆಳಗಾಗಿ ಬಿದ್ದ ಕೂಸು ಎದ್ದೇಳಲ್ಲ. ಪಾಯಖಾನೆ ಬಕೆಟ್ ಪ್ರತಿ ಸಲ ಬರಿದು ಮಾಡಿ ಬೋರಲು ಹಾಕಿ. ಅಡುಗೆ ಕೋಣೆಗೆ ಅರ್ಧ ಬಾಗಿಲು ಹಾಕಿಸಿ, ಚಿಲಕ ಹೊರಗಿನಿಂದ ದೊಡ್ಡವರ ಎತ್ತರಕ್ಕೆ. ಶೇಂಗಾ, ಪುಟಾಣಿ ಇಡಿಯಾಗಿ ಸಣ್ಣವಕ್ಕೆ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ನೆಕ್ಕಿಸೋದು ಬೇಡ. ಪ್ರತಿ ಕೂಸಿನ ತಾಯಿ ಕಾರ್ಡ್ ನೋಡಿ, ಲಸಿಕೆ ಎಲ್ಲಿಗೆ ಬಂದಿದೆ ಅಂತ ಬರೆದುಕೊಳ್ಳಿ. ತಿಂಗಳಿಗೊಮ್ಮೆ ತೂಕ.

ಇಂಡಿ ಲಿಂಬಿ
ಶೇಂಗಾ ಹೋಳಿಗೆ ಕೊಡಬಹುದಾ ಬಾಯಾರೆ?

ನರ್ಸ್ ಬಾಯಿ ಹುಕ್ಕೇರಿ
ಹಾಲಲ್ಲಿ ಕಿವುಚಿ ಕೊಟ್ಟರೆ ದೊಡ್ಡ ಮಕ್ಕಳಿಗೆ ಕೊಡಿ. ನಮಗೂ ಒಂದೆರಡು ಕಳಿಸಿ.

ಅಕ್ಕೋರು ಬೀಳಗಿ
ಊಟದ ಬಗ್ಗೆ ಒಂದು ವಿಷಯ. ಆರು ತಿಂಗಳಿಂದ ಆರು ವರ್ಷದ ಮಗುವಿಗೆ ಪೂರಕ ಆಹಾರ ಕೊಡಬೇಕು ಅಂತ ಅಂಗನವಾಡಿ ಲೆಕ್ಕ. ಮೂರು ದಾಟಿದವಕ್ಕೆ ನಮ್ಮಲ್ಲಿ ಬಿಸಿ ಊಟ. ಮೂರರೊಳಗಿನವಕ್ಕೆ ಪ್ಯಾಕೆಟ್ ಮನೆಗೆ ಕೊಡ್ತೀವಿ. ಆ ಪ್ಯಾಕೆಟ್ ಮನೆಯಲ್ಲಿ ಎಲ್ಲರಿಗೂ ಹಂಚಿಹೋಗುತ್ತೆ, ಕೂಸಿಗೆ ಒಂದು ಚಮಚ. ನಿಮ್ಮ 9 ತಾಯಂದಿರಿಗೆ ಹೇಳಿ, ಪ್ಯಾಕೆಟ್ ಡೇ ಕೇರ್‌ಗೆ ತರಲಿ, ಅಲ್ಲೇ ಕಾಯಿಸಿ ಉಣಿಸಿ. 13 ಮಕ್ಕಳನ್ನು ಬೆಳಿಗ್ಗೆ ಹತ್ತಿರದ ಅಂಗನವಾಡಿಗೆ ಕಳಿಸಿ, ಅಲ್ಲಿ ಊಟ ಮಾಡಿ ಮಧ್ಯಾಹ್ನ ನಿಮ್ಮ ಹತ್ತಿರ ಬರಲಿ. ಆಗ ಬೆಳಗಿನ ಹೊತ್ತು ನಿಮ್ಮ ಕೈಗೆ 9 ಕೂಸುಗಳಷ್ಟೇ. ಮೂರನೆಯವಳು ಮಧ್ಯಾಹ್ನದಿಂದ ಸಂಜೆವರೆಗೆ ಬಂದರೆ ಸಾಕು. ಖರ್ಚು ಇಳಿಯುತ್ತೆ.

ಬನಹಟ್ಟಿ ಕಂಡಕಿ
ಅಕ್ಕೋರೆ, ನಿಮ್ಮ ಕಾಲಿಗೆ ಬೀಳ್ತೀನಿ. ಇದು ಆಗೋ ಮಾತು! ಅರ್ಧ ದಿನದವಳಿಗೆ 3000 ಕೊಟ್ಟರೂ ಒಟ್ಟು 15,000. ಶೆಡ್ಡಿನವರು ಅರ್ಧ ಎತ್ತಿಕೊಂಡರೆ ತಾಯಂದಿರಿಗೆ 350ರ ಒಳಗೇ ಬೀಳುತ್ತೆ.

ಟಿಳಕವಾಡಿ ಅವ್ವ
ಸಿಸಿಟಿವಿ ಹಾಕಿಸಿ. ನಾನು ಬೆಳಗಾವಿಯಲ್ಲಿ ಮಗಳನ್ನು ಬಿಟ್ಟಿದ್ದ ಒಂದು ಖಾಸಗಿ ಕಡೆ ತಿಂಗಳಿಗೆ ಸಾವಿರಾರು ರೂಪಾಯಿ ತಗೊಂಡು ಮಧ್ಯಾಹ್ನ ಪೂರ್ತಿ ಟಿವಿ ಮುಂದೆ ಕೂರಿಸ್ತಿದ್ದರು. ಮಗಳು ಮನೆಗೆ ಬಂದು ಸೋಪಿನ ಜಾಹೀರಾತು ಪೂರ್ತಿ ಹೇಳಿದಾಗಲೇ ಗೊತ್ತಾಗಿದ್ದು.

ಇಳಕಲ್ ಕುಣಿಮಗ್ಗ
ಕ್ಯಾಮೆರಾಕ್ಕಿಂತ ಓಣಿಯ ಕಣ್ಣು ಜೋರು. ಬಾಗಿಲು ತೆರೆದಿಡಿ, ತಾಯಂದಿರು ಯಾವಾಗ ಬೇಕಾದರೂ ಒಳಗೆ ಬರಲಿ. ಕರೆಂಟ್ ಹೋದಾಗ ಮಗ್ಗ ಹೇಗೂ ನಿಲ್ಲುತ್ತೆ, ಆಗ ಬಂದು ಹಾಲು ಕುಡಿಸಿ ಹೋಗ್ತಾರೆ.

ಅಥಣಿ ನಿವೃತ್ತ
ಒಂದು ರಿಜಿಸ್ಟರ್ ಇಡಿ. ಕೂಸನ್ನು ಬಿಟ್ಟವರು ಯಾರು, ಒಯ್ಯೋರು ಯಾರು, ಎಷ್ಟೊತ್ತಿಗೆ, ಸಹಿ. ಮೊದಲೇ ಹೆಸರು ಬರೆಸಿದವರಿಗೆ ಬಿಟ್ಟು ಬೇರೆಯವರಿಗೆ ಕೊಡಬೇಡಿ. ನೋಡಿಕೊಳ್ಳೋರ ಪೊಲೀಸ್ ವೆರಿಫಿಕೇಶನ್ ಮಾಡಿಸಿ. ನಮ್ಮ ಓಣಿಯವಳೇ ಅಲ್ವಾ ಅಂತ ಬಿಡಬೇಡಿ.

ಬನಹಟ್ಟಿ ಕಂಡಕಿ
ಅಪ್ಪನೇ ಕುಡಿದು ಬಂದರೆ? ಸಹಿ ಇರೋದು ಅವನದೇ. ನಗಬೇಡಿ, ನಮ್ಮ ಪಟ್ಟಿಯಲ್ಲಿ ಅಂಥವರು ಇದ್ದಾರೆ.

ನರ್ಸ್ ಬಾಯಿ ಹುಕ್ಕೇರಿ
ಕೊಡಬೇಡಿ. ತಾಯಿಗೆ ಫೋನ್ ಮಾಡಿ. ಕುಡಿದವರ ಕೈಗೆ ಕೂಸು ಕೊಡಲ್ಲ ಅಂತ ಸೇರಿಸಿಕೊಳ್ಳೋ ದಿನವೇ ಅಪ್ಪ-ಅವ್ವ ಇಬ್ಬರ ಸಹಿ ತಗೊಳ್ಳಿ. ಗಲಾಟೆ ಮಾಡಿದರೆ 112, ಮಗುವಿನ ವಿಷಯ ಆದ್ದರಿಂದ 1098. ಎರಡೂ ನಂಬರ್ ಬಾಗಿಲಿಗೆ ದೊಡ್ಡದಾಗಿ ಬರೆದು ಅಂಟಿಸಿ.

ಜಮಖಂಡಿ ಮಾಮಾ
ಹಾಲಿಗೆ ಮೇಲ್ಗಡೆ ತಗಡೋ ಆರ್‌ಸಿಸಿಯೋ? ತಗಡಾದರೆ ಏಪ್ರಿಲ್-ಮೇನಲ್ಲಿ ಕೂಸು ಬೆಂದುಹೋಗುತ್ತೆ.

ಬನಹಟ್ಟಿ ಕಂಡಕಿ
ಅರ್ಧ ತಗಡು ಮಾಮಾ. ಕೂಸುಗಳನ್ನು ಆರ್‌ಸಿಸಿ ಕಡೆ ಮಲಗಿಸ್ತೀವಿ.

ಜಮಖಂಡಿ ಮಾಮಾ
ಹಾಗಾದ್ರೆ 300 ಅಡಿ ಲೆಕ್ಕ ಬೇಸಿಗೆಯಲ್ಲಿ 150. ತಗಡಿನ ಮೇಲೆ ಸುಣ್ಣ ಬಳಿಸಿ, ಒಳಗೆ ಚಾಪೆ ಕಟ್ಟಿಸಿ. ನಮ್ಮ ಹುಡುಗ ಫ್ಯಾಬ್ರಿಕೇಶನ್ ಮಾಡ್ತಾನೆ, ಅರ್ಧ ಬಾಗಿಲು ನಾನು ಮಾಡಿಸಿ ಕಳಿಸ್ತೀನಿ. ದುಡ್ಡು ಬೇಡ.

ಇಳಕಲ್ ಕುಣಿಮಗ್ಗ
ಬೈಸಿಕೊಂಡರೂ ಕೆಲಸಕ್ಕೆ ಬಂದವರು ಮಾಮಾ ಒಬ್ಬರೇ 🙏

ತಿಕೋಟಾ ದ್ರಾಕ್ಷಿ
ಸಮಯ ಏನು ಇಡ್ತೀರಿ ಅಕ್ಕಾರೆ? ಅದನ್ನು ಹೇಳಲೇ ಇಲ್ಲ. ಏಳೂವರೆ ತಾಸಿನ ಲೆಕ್ಕ ಹಿಡಿದರೆ ನಮ್ಮ ಕಡೆ ಆದದ್ದೇ ನಿಮ್ಮ ಕಡೆಯೂ ಆಗುತ್ತೆ.

ಬನಹಟ್ಟಿ ಕಂಡಕಿ
ಬೆಳಿಗ್ಗೆ 8ರಿಂದ ಸಂಜೆ 6. ಇಬ್ಬರು ಪಾಳಿ ಹಂಚಿಕೊಳ್ತಾರೆ. ಒಬ್ಬಳು 8ಕ್ಕೆ ಬಂದು ಬೇಗ ಹೋಗ್ತಾಳೆ, ಇನ್ನೊಬ್ಬಳು ತಡವಾಗಿ ಬಂದು ಕೊನೆತನಕ ಇರ್ತಾಳೆ. ಬೆಳಿಗ್ಗೆ ಮತ್ತು ಸಂಜೆ ಒಂದೊಂದು ತಾಸು ಸಂಘದವರೇ ಒಬ್ಬರು ಜೊತೆಗೆ ಕೂರಬೇಕಾಗುತ್ತೆ, ಕೂರ್ತೀವಿ.

ನರ್ಸ್ ಬಾಯಿ ಹುಕ್ಕೇರಿ
ಕೂರ್ತೀವಿ ಅಂತ ಎಲ್ಲರೂ ಅಂತಾರೆ. ಯಾವ ವಾರ ಯಾರು ಅಂತ ಹೆಸರು ಬರೆದು ಗೋಡೆಗೆ ಹಾಕಿ.

ಗೋಕಾಕ ಫಾಲ್ಸ್
ರಾತ್ರಿ ಪಾಳಿ ಮಗ್ಗ ನಡೆಸೋರ ಕೂಸುಗಳಿಗೆ?

ಬನಹಟ್ಟಿ ಕಂಡಕಿ
ಅದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ. ಪಟ್ಟಿಯಲ್ಲಿ ಅಂಥವು ಎರಡು ಕೂಸು ಇವೆ. ಸೋಮವಾರ ಸಿಡಿಪಿಒ ಕಚೇರಿಗೆ ಹೋಗ್ತಾ ಇದ್ದೀವಿ, ಬಂದು ಬರೀತೀನಿ. ಅಥಣಿ ಸರ್, ರಿಜಿಸ್ಟರ್‌ನಲ್ಲಿ ಗೆರೆ ಹೇಗೆ ಹಾಕಬೇಕು ಅಂತ ಒಂದು ಫೋಟೋ ಕಳಿಸಿ.